ಟ್ಯಾಂಕಿನ ನೀರು, ತಟ್ಟೆಯ ಹುಳು

ನೀರು ಬರುವ ದಿನ ನಮ್ಮ ಬೀದಿಗೆ ಬೇಗ ಬೆಳಗಾಗುತ್ತಿತ್ತು. ನಾವಾಗ ಇದ್ದದ್ದು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಊರಿನಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಎತ್ತರದ ಟ್ಯಾಂಕ್ ಕಟ್ಟಿದ್ದರು, ಮನೆಮನೆಗೂ ನಲ್ಲಿ ಹಾಕಿದ್ದರು, ನೀರು ಮಾತ್ರ ವಾರಕ್ಕೊಂದು ಸಲ.

ಆ ಬೆಳಿಗ್ಗೆಯೂ ಎಂದಿನಂತೆ ಹಳೆ ನೀರು ಚೆಲ್ಲಿದೆ. ನಮ್ಮ ಬೀದಿಯಲ್ಲಿ ಅದೊಂದು ಪದ್ಧತಿ. ಹೊಸ ನೀರು ಬರುವ ಮುಂಚೆ ಕೊಡ, ಹಂಡೆ, ಪ್ಲಾಸ್ಟಿಕ್ ಡ್ರಮ್ಮು ಎಲ್ಲವನ್ನೂ ಬರಿದು ಮಾಡಿ, ತಳದ ಮಡ್ಡಿ ಉಜ್ಜಿ, ಉಳಿದ ನೀರನ್ನು ಬಾಗಿಲಿಗೂ ದಾಸವಾಳದ ಬುಡಕ್ಕೂ ಸುರಿದುಬಿಡುವುದು. ಇಟ್ಟುಕೊಂಡವರನ್ನು ಕಂಡರೆ, "ಹಳೇ ನೀರು ಕುಡೀತಾರಂತೆ" ಎಂದು ಮೂಗು ಮುರಿಯುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಹೇಳಿಕೊಟ್ಟಿದ್ದ ಹಾಗೆ ಬಿಳಿ ಬಟ್ಟೆ ಮಡಿಸಿ ನಲ್ಲಿಯ ಬಾಯಿಗೆ ಕಟ್ಟುತ್ತಿದ್ದೆ. ನಲ್ಲಿ ಮೊದಲು ಗಾಳಿ ಉಗುಳಿತು, ಆಮೇಲೆ ತುಕ್ಕಿನ ಬಣ್ಣದ ನೀರು, ಆಮೇಲೆ ತಿಳಿ. ಒಂದನೇ ಕ್ಲಾಸಿನ ಮಗಳು ಒಂದೇ ಕಾಲಿಗೆ ಸಾಕ್ಸು ಏರಿಸಿಕೊಂಡು ಓಡಿಬಂದು, ಬೊಗಸೆಯೊಡ್ಡಿ ಗಟಗಟ ಕುಡಿದು, ಗಲ್ಲದಿಂದ ಇಳಿದದ್ದನ್ನು ಟೈಗೆ ಒರೆಸಿಕೊಂಡಳು.

"ಎಷ್ಟು ತಣ್ಣಗಿದೆ ಮಮ್ಮಿ!"

ಅವಳ ಗುಲಾಬಿ ಬಾಟಲಿಗೂ ಅದನ್ನೇ ತುಂಬಿ ಶಾಲೆಗೆ ಕಳಿಸಿದೆ. ಯಜಮಾನರು ಆಗಲೇ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ ಕೆಲಸಕ್ಕೆ ಹೋಗಿದ್ದರು.

ಅಕ್ಕಿ ತೊಳೆಯುತ್ತಿದ್ದಾಗ ಮಸೀದಿಯ ಮೈಕು ಗರಗರ ಎಂದಿತು. ನಮಾಜಿನ ಹೊತ್ತಲ್ಲ. ಉರ್ದುವಿನಲ್ಲಿ ಏನೋ ಹೇಳಿದರು. ಆಮೇಲೆ ಅದೇ ದನಿ ಕನ್ನಡದಲ್ಲಿ, "ನಲ್ಲಿ ನೀರು ಯಾರೂ ಕುಡೀಬೇಡಿ, ಮಕ್ಕಳಿಗೆ ಕೊಡಬೇಡಿ" ಎಂದಿತು. ನನ್ನ ಬೆರಳುಗಳು ಅಕ್ಕಿಯೊಳಗೇ ಇದ್ದವು. ತೆಗೆದು ಸೆರಗಿಗೆ ಒರೆಸಿದೆ. ಒರೆಸಿದ ಮೇಲೆ ಸೆರಗನ್ನೇ ಮೈಯಿಂದ ದೂರ ಹಿಡಿದುಕೊಂಡು ನಿಂತೆ.

ಹೊರಗೆ ಬರುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಗೊತ್ತಾಗಿತ್ತು. ಟ್ಯಾಂಕಿನ ಮೇಲೆ ಮುಚ್ಚಳ ತೆಗೆದಿತ್ತಂತೆ. ಏಣಿಯ ಕೆಳಗೆ ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧದ ಡಬ್ಬ ಬಿದ್ದಿತ್ತಂತೆ. ಡಬ್ಬ ಖಾಲಿ. ಖಾಲಿಯಾಗಿಯೇ ಬಂದದ್ದೋ, ಅಲ್ಲಿ ಖಾಲಿಯಾದದ್ದೋ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಆಟೋ ಬಂತು. ಸಿನಿಮಾ ಬಂದಾಗ ಪ್ರಚಾರ ಮಾಡುವ ಅದೇ ಆಟೋ, ಅದೇ ಗಂಡಸಿನ ಗಡಸು ದನಿ: "ಸಾರ್ವಜನಿಕರು ಮುಂದಿನ ಸೂಚನೆಯವರೆಗೆ ನೀರನ್ನು ಬಳಸಬಾರದು. ಬದಲಿ ವ್ಯವಸ್ಥೆ ಮಾಡಲಾಗುವುದು."

ನಮ್ಮ ಹಿಂದಿನ ಮನೆಯಾಕೆ ಪೊರಕೆ ಹಿಡಿದುಕೊಂಡೇ ಆಟೋಗೆ ಅಡ್ಡ ನಿಂತಳು. ರೇಷ್ಮೆ ಹುಳು ಸಾಕುತ್ತಿದ್ದ ಗಟ್ಟಿಗಿತ್ತಿ, ಮನೆಮಾತು ತೆಲುಗು.

"ಏಮಯ್ಯಾ, ಬದಲಿ ಎಲ್ಲಿ? ತೋರ್ಸು!"

"ನಂಗೆ ಕ್ಯಾಸೆಟ್ ಕೊಟ್ಟವ್ರೆ, ಹಾಕ್ತಾ ಇದೀನಿ. ಬದಲಿ ಕೊಟ್ಟಿಲ್ಲಮ್ಮ."

"ನೀರೆಲ್ಲ ತುಂಬಿಸ್ಕೊಂಡ್ಮೇಲೆ ಬಂದವ್ನೆ ನೋಡು, ಮದುವೆ ಮುಗಿದ್ಮೇಲೆ ಓಲಗದೋನು ಬಂದಂಗೆ!"

ಒಬ್ಬಿಬ್ಬರು ನಕ್ಕರು. ನನಗೆ ನಗು ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ಬೀದಿಯ ಉದ್ದಕ್ಕೂ ನಾವು ಚೆಲ್ಲಿದ ಹಳೆ ನೀರು ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. ಒಂದು ಮನೆಯಲ್ಲೂ ಕುಡಿಯುವಂಥ ಒಂದು ಲೋಟ ನೀರು ಉಳಿದಿರಲಿಲ್ಲ.

ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ, ಶಾಲೆಗೆ ಓಡಿದೆ. ಟೀಚರು ಬಾಟಲಿಗಳನ್ನೆಲ್ಲ ಕಿತ್ತು ಕಿಟಕಿಯ ಕೆಳಗೆ ಸಾಲಾಗಿ ಇಟ್ಟಿದ್ದರು. ಗುಲಾಬಿ ಬಾಟಲಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

"ನೀರು ಕುಡಿದ್ಯೇನೇ?"

"ಬಿಸ್ಕತ್ತು ಒಣಗಿತ್ತಲ್ಲ ಮಮ್ಮಿ."

ಬಾಟಲಿಯನ್ನೂ ಅವಳನ್ನೂ ಎತ್ತಿಕೊಂಡು ಡಾಕ್ಟರ ಹತ್ತಿರ ಹೋದೆ. ಅಲ್ಲಿ ಊರಿಗೆ ಊರೇ ಇತ್ತು. ಡಾಕ್ಟರು ಅವಳ ಕಣ್ಣಿಗೆ ಟಾರ್ಚು ಬಿಟ್ಟು, ನಾಡಿ ನೋಡಿ, "ವಾಂತಿ ಆಯ್ತಾ? ಇಲ್ವಲ್ಲ. ಬೆವರು, ಜೊಲ್ಲು ಬಂದ್ರೆ ತಕ್ಷಣ ಕರ್ಕೊಂಡು ಬನ್ನಿ. ನೋಡ್ತಾ ಇರಿ" ಎಂದು ಅವಳ ಕೈಗೊಂದು ಪೆಪ್ಪರ್‌ಮಿಂಟು ಕೊಟ್ಟರು. ಮಗಳಿಗೆ ಈಗ ಆ ದಿನದ್ದು ನೆನಪಿರುವುದು ಪೆಪ್ಪರ್‌ಮಿಂಟು ಮಾತ್ರ. ನನಗೆ ನೆನಪಿರುವುದು ಆ ಮಾತು. ನೋಡುತ್ತಾ ಇರಬೇಕು. ಎಲ್ಲಿಯವರೆಗೆ? ಟ್ಯಾಂಕಿನ ನೀರನ್ನು ಬಾಟಲಿಯಲ್ಲಿ ಹಿಡಿದು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ್ದಾರೆ, ಉತ್ತರ ಬರಲು ದಿನಗಟ್ಟಲೆ ಬೇಕು ಎಂದರು.

ಅಂಗಡಿಯ ಫೋನಿನಿಂದ ಯಜಮಾನರಿಗೆ ಮಾಡಿದೆ. "ಗಾಬರಿ ಮಾಡ್ಕೋಬೇಡ, ಬಸ್ಸು ಸಿಕ್ಕಿದ ತಕ್ಷಣ ಹೊರಟು ಬರ್ತೀನಿ" ಎಂದರು. ಅವರ ದನಿಯೇ ಗಾಬರಿಯಾಗಿತ್ತು.

ಮನೆಗೆ ಬಂದು ಮಗಳನ್ನು ಚಾಪೆಯ ಮೇಲೆ ಕೂರಿಸಿ ಎದುರಿಗೆ ಕೂತೆ. ಅವಳು ಆಕಳಿಸಿದರೆ ಯಾಕೆ ಆಕಳಿಸಿದಳು ಅನ್ನಿಸುತ್ತಿತ್ತು. ಆಕಳಿಸದಿದ್ದರೆ ಯಾಕೆ ಆಕಳಿಸುತ್ತಿಲ್ಲ ಅನ್ನಿಸುತ್ತಿತ್ತು. ಹಣೆ ಮುಟ್ಟಿ ಮುಟ್ಟಿ ಅವಳೇ ರೇಗಿದಳು. ಹಿತ್ತಲ ಗೋಡೆಯ ಆಚೆಯಿಂದ ಹಿಂದಿನ ಮನೆಯಾಕೆಯ ತಲೆ ಕಾಣಿಸಿತು.

"ಏನಮ್ಮಾ, ಮಗೂನ ಕಣ್ಣಲ್ಲೇ ಸಾಯಿಸ್ತೀಯಾ? ಬೆಂಗ್ಳೂರೋರು ಹೇಳೋತನ್ಕ ಹಿಂಗೇ ಕೂತಿರ್ತೀಯಾ? ಆ ನೀರು ತಗೊಂಬಾ. ಹುಳಕ್ಕೆ ಹಾಕಿ ನೋಡಣ."

ನಮ್ಮ ಕಡೆ ರೇಷ್ಮೆ ಸಾಕುವವರಿಗೆ ಔಷಧ ಎಂದರೆ ಮೈ ನಡುಕ. ಪಕ್ಕದ ತೋಟದಲ್ಲಿ ಹೊಡೆದದ್ದು ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಮೇಲೆ ಕೂತರೂ ಸಾಕು, ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಆಕೆಯ ಹುಳುಗಳು ಆಗ ದೊಡ್ಡವಾಗಿದ್ದವು, ಬೆರಳುದ್ದ, ಗೂಡು ಕಟ್ಟುವ ದಿನ ಹತ್ತಿರ, ಸತ್ತರೆ ಆಕೆಗೇ ನಷ್ಟ. ಅಂಥದ್ದರಲ್ಲಿ ಒಂದು ಬಿದಿರು ತಟ್ಟೆಯ ಹುಳುಗಳನ್ನು ಬೇರೆ ತೆಗೆದಿಟ್ಟಳು. ನಾನು ಬೇಡವೆನ್ನಲಿಲ್ಲ, ಅನ್ನುವಷ್ಟು ದೊಡ್ಡ ಮನಸ್ಸು ಆವತ್ತು ನನಗಿರಲಿಲ್ಲ.

ಗುಲಾಬಿ ಬಾಟಲಿಯ ನೀರಿನಲ್ಲೇ ಸೊಪ್ಪು ಅದ್ದಿದಳು. ಒದ್ದೆ ಸೊಪ್ಪು ಹುಳಕ್ಕೆ ಆಗದು, ಅದಕ್ಕೇ ರೋಗ ಬರುತ್ತದೆ, ನೆರಳಲ್ಲಿ ಆರಬೇಕು ಎಂದಳು. ಗೋಣಿಯ ಮೇಲೆ ಹರವಿದ ಎಲೆಗಳ ಅಂಚಿನಿಂದ ಹನಿಗಳು ಒಂದೊಂದೇ ಸಣ್ಣದಾಗುವುದನ್ನು ನೋಡುತ್ತಾ ಕೂತೆ. ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತರು. ಯಾರ ಮನೆಯ ಮಕ್ಕಳು ನೀರು ಕುಡಿದಿರಲಿಲ್ಲ?

"ಔಷಧ ಇದ್ರೆ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದೆ.

"ತಲೆ ಆಡಿಸ್ತವೆ. ಹಿಂಗೆ, ಹಿಂಗೆ. ಆಮೇಲೆ ಬಾಯಲ್ಲಿ ಹಸಿರು ನೀರು ಕಕ್ಕೊಂತವೆ. ಆಮೇಲೆ ಸುರುಟ್ಕೊಂಡು ಬಿದ್ದೋಗ್ತವೆ."

ಸೊಪ್ಪು ಹಾಕಿದಳು. ಹುಳುಗಳು ಮೊದಲು ಅಲುಗಲಿಲ್ಲ. ಒಂದು ಹುಳು ತಲೆಯೆತ್ತಿತು. ನನ್ನ ಪಕ್ಕದಲ್ಲಿದ್ದವಳು "ಅಯ್ಯೋ" ಎಂದು ನನ್ನ ತೋಳು ಹಿಡಿದಳು. ತಲೆಯೆತ್ತಿದ ಹುಳು ಎಲೆಯ ಅಂಚನ್ನು ಹುಡುಕಿ, ಅಲ್ಲಿಗೆ ಬಾಯಿ ಇಟ್ಟಿತು. ಒಂದು ಚಿಕ್ಕ ಅರ್ಧಚಂದ್ರ ಎಲೆಯಿಂದ ಮಾಯವಾಯಿತು. ಆಮೇಲೆ ಇನ್ನೊಂದು ಹುಳು. ಯಾರೋ ಪಕ್ಕದ ಕೋಣೆಯಲ್ಲಿ ಹಳೆ ಪೇಪರು ಮಡಿಸುತ್ತಿರುವಂಥ ಸದ್ದು ಶುರುವಾಯಿತು.

"ತಿಂತಾವೆ," ಎಂದೆ.

"ತಿನ್ನೋದು ತಿಂತವೆ. ಅರಗ್ಬೇಕಲ್ಲ. ಸಾಯಂಕಾಲ ಮಾತಾಡಣ."

ಮಧ್ಯಾಹ್ನ ಟ್ಯಾಂಕರ್ ಬಂತು. ಎಲ್ಲಿ ನಿಲ್ಲುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ. ಕೊಡ ಹಿಡಿದುಕೊಂಡು ಜನ ಅದರ ಹಿಂದೆ ಈ ಬೀದಿಯಿಂದ ಆ ಬೀದಿಗೆ ಓಡಿದರು. ಎಲ್ಲಿಯ ಬೋರಿನ ನೀರು ಎಂದು ಕೇಳಿದರೆ ಡ್ರೈವರು ಒಂದು ಸಲ ಒಂದು ಹೇಳಿದ, ಇನ್ನೊಂದು ಸಲ ಇನ್ನೊಂದು. ಒಂದು ಕೊಡ ಹಿಡಿದು ತಂದು ಅನ್ನ ಮಾಡಿದೆ. ತುತ್ತು ಕಲಸಿ ಮಗಳ ಬಾಯಿಯ ಹತ್ತಿರ ಹಿಡಿದರೆ ಬೇಡವೆಂದು ತಲೆ ಆಡಿಸಿದಳು. ಹಿಂದಿನ ಮನೆಯಾಕೆ ತೋರಿಸಿದ್ದಳಲ್ಲ, ಹಾಗೆ, ಹಾಗೆ. ಅನ್ನದ ತಟ್ಟೆ ನನ್ನ ಕೈಯಿಂದ ಜಾರಿತು. ಅವಳ ಬಾಯಿ ಅಗಲಿಸಿ ನಾಲಿಗೆ ನೋಡಿದೆ. ಹಸಿರಾಗಿತ್ತು.

ನನ್ನ ಕೂಗಿಗೆ ಹಿಂದಿನ ಮನೆಯಾಕೆ ಗೋಡೆ ಹಾರಿಯೇ ಬಂದಳು. ಮಗಳ ನಾಲಿಗೆಯನ್ನು ನೋಡಿ, ಅವಳ ಮುಷ್ಟಿ ಬಿಡಿಸಿ, ಅಂಟಿಕೊಂಡಿದ್ದ ಹಸಿರು ಪೆಪ್ಪರ್‌ಮಿಂಟಿನ ಚೂರು ನನಗೆ ತೋರಿಸಿದಳು. "ಹೊಟ್ಟೆ ತುಂಬ ಇದನ್ನ ಚೀಪವ್ಳೆ, ಅನ್ನ ಯಾಕೆ ಬೇಕು?" ಎಂದು ಬೈದಳು. ಮಗಳು ನನ್ನ ಅಳು ನೋಡಿ ತಾನೂ ಅತ್ತಳು.

ಯಜಮಾನರು ಬರುವ ಹೊತ್ತಿಗೆ ಬಿಸಿಲು ಗೋಡೆಯ ಮೇಲಕ್ಕೆ ಏರಿತ್ತು. ಮೂವರೂ ಹಿಂದಿನ ಮನೆಗೆ ಹೋದೆವು. ಆ ತಟ್ಟೆಯಲ್ಲಿ ಎಲೆಯಿಲ್ಲ, ನರಗಳಷ್ಟೇ ಉಳಿದಿದ್ದವು. ಹುಳುಗಳು ತಲೆ ತಗ್ಗಿಸಿ ಇನ್ನೂ ಹುಡುಕುತ್ತಿದ್ದವು. ಒಂದಾದರೂ ಸುರುಟಿರಲಿಲ್ಲ. ನಾನು ಒಂದೊಂದನ್ನೇ ನೋಡಿದೆ, ಮಗಳು ಒಂದನ್ನು ಬೆರಳಿಂದ ಸವರಿ "ಮೆತ್ತಗಿದೆ" ಎಂದಳು. ಯಜಮಾನರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಅಲ್ಲೇ ಹುಳುವಿನ ಹಿಕ್ಕೆ ಬಿದ್ದಿದ್ದ ನೆಲದ ಮೇಲೆ ಕೂತುಬಿಟ್ಟೆ.

"ನಿಮ್ಮ ಋಣ ಹೆಂಗೆ ತೀರಿಸ್ಲಿ ಅಕ್ಕ? ಮಗು ಉಳೀತು," ಎಂದೆ.

ಆಕೆ ತಟ್ಟೆಯ ಹಿಕ್ಕೆ ಕೊಡವುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು: "ನೀರಲ್ಲಿ ಹುಳಕ್ಕೆ ಹೊಡಿಯೋ ಔಷಧ ಇಲ್ಲ ಅಂತ ಗೊತ್ತಾಯ್ತು ಅಷ್ಟೇ ಕಣಮ್ಮ. ಮನುಷ್ಯರಿಗೆ ಹಾಕೋ ವಿಷ ಬೇರೆ ಏನಾದ್ರೂ ಇದ್ರೆ, ಪಾಪ, ಹುಳಕ್ಕೇನು ತಿಳಿಯುತ್ತೆ."