ಜಮಖಂಡಿ ದಾರಿಯ ಮೂರು ಸೈಕಲ್ಲು

ಪಂಕ್ಚರ್ ತಿದ್ದುವ ಸೊಲ್ಯೂಷನ್ನಿನ ವಾಸನೆ ನಿಮಗೆ ಗೊತ್ತಿರಬೇಕು. ಟ್ಯೂಬನ್ನು ಉಜ್ಜಿ, ಅಂಟು ಹಚ್ಚಿ, ಒಣಗಲೆಂದು ಬಾಯಿಂದ ಊದುವಾಗ ಬರುತ್ತದಲ್ಲ, ಮೂಗಿಗೆ ತುಸು ಖಾರ, ತಲೆಗೆ ತುಸು ಹಗುರ, ಆ ವಾಸನೆ. ಇವತ್ತು ಬೆಳಿಗ್ಗೆ ರಬಕವಿಯ ಸೈಕಲ್ ಅಂಗಡಿಯ ಮುಂದೆ ಅದನ್ನು ಮೂಸುತ್ತ ಕುಳಿತಿದ್ದೆ. ಅಂಗಡಿಯವನು ಟ್ಯೂಬಿನಿಂದ ಒಂದು ಜಾಲಿಮುಳ್ಳು ಕಿತ್ತು ತೋರಿಸಿ, "ಅಜ್ಜಾರ, ಛಲೋ ರಸ್ತೆ ಬಿಟ್ಟು ಅಂಚಿಗೆ ಯಾಕ ಹೋಗ್ತೀರಿ?" ಎಂದ. "ನಾ ಎಲ್ಲಿ ಹೋಗ್ತೇನೋ ತಮ್ಮಾ, ಬಸ್ಸಿನಾಂವ ಕಳಸ್ತಾನ" ಎಂದೆ. ಅವನು ನಕ್ಕ. ನಾನೂ ನಕ್ಕೆ. ಅವನು ಮತ್ತೆ ಟ್ಯೂಬು ಊದತೊಡಗಿದ. ನಾನು ಮಾತ್ರ ಅಷ್ಟರಲ್ಲಿ ಬಹಳ ದೂರ ಹೋಗಿಬಿಟ್ಟಿದ್ದೆ.

ಆಗ ನನಗೆ ಇಪ್ಪತ್ತನಾಲ್ಕು. ಮನೆ ಬನಹಟ್ಟಿಯಲ್ಲಿ, ನೌಕರಿ ಜಮಖಂಡಿಯ ಕಚೇರಿಯಲ್ಲಿ, ಕಾರಕೂನಿಕೆ. ಸಂಸ್ಥಾನದ ಕಾಲ. ಕಾರಕೂನನಾದವನು ನಡೆದು ಬರಬಾರದು ಎಂಬ ಜಂಬ ನನ್ನದು, ಹೀಗಾಗಿ ಹಳೆಯ ಸೈಕಲ್ಲೊಂದನ್ನು ಕೊಂಡಿದ್ದೆ. ಅದು ಎಷ್ಟು ಭಾರವಿತ್ತೆಂದರೆ ಏರಿನಲ್ಲಿ ನಾನು ಅದನ್ನು ಹೊತ್ತಿದ್ದೇನೆಯೋ ಅದು ನನ್ನನ್ನು ಹೊತ್ತಿದೆಯೋ ತಿಳಿಯುತ್ತಿರಲಿಲ್ಲ. ಧೋತರದ ಅಂಚಿಗೆ ಕ್ಲಿಪ್ಪು, ತಲೆಗೆ ಕರಿ ಟೊಪ್ಪಿಗೆ, ಹಿಂದಿನ ಕ್ಯಾರಿಯರಿನಲ್ಲಿ ಬುತ್ತಿ. ಹೀಗೆ ದಿನಾ ಮುಂಜಾನೆ ಹೊರಡುತ್ತಿದ್ದೆ. ಮಗ್ಗದ ಸದ್ದು ಹಿಂದೆ ಬೀಳುವವರೆಗೂ ನೆಟ್ಟಗೆ ಕೂಡುವುದು, ಊರು ದಾಟಿದ ಮೇಲೆ ಬಗ್ಗಿ ತುಳಿಯುವುದು.

ಆ ದಾರಿಯಲ್ಲಿ ದಿನಾ ಸೈಕಲ್ಲಿನಲ್ಲಿ ಹೋಗುವವರು ನಾವು ಮೂವರೇ. ಒಬ್ಬರು ಭರಮಣ್ಣ ಮಾಸ್ತರರು. ಮೂಲ ತೇರದಾಳದ ಜೈನರು, ಜಮಖಂಡಿಯ ಸಾಲಿಯಲ್ಲಿ ಗಣಿತ ಕಲಿಸುತ್ತಿದ್ದರು. ದಾರಿಯಲ್ಲಿ ಇರುವೆಯ ಸಾಲು ಕಂಡರೂ ಬ್ರೇಕು ಹಾಕುವ ಮನುಷ್ಯ. ಇನ್ನೊಬ್ಬರು ಕಾಶೀಬಾಯಿ, ಜಮಖಂಡಿಯ ದವಾಖಾನೆಯ ನರ್ಸ್. ಗಂಡ ತೀರಿಕೊಂಡ ಮೇಲೆ ಮೀರಜದ ದೊಡ್ಡ ದವಾಖಾನೆಗೆ ಹೋಗಿ ಕೆಲಸ ಕಲಿತು ಬಂದವರು. ಕಚ್ಚೆ ಹಾಕಿ ಉಟ್ಟ ಸೀರೆಯಲ್ಲಿ ಸೈಕಲ್ ಹೊಡೆಯುವ ಹೆಂಗಸನ್ನು ಬನಹಟ್ಟಿ ಮೊದಲ ವರ್ಷ ನಿಂತು ನೋಡಿತು, ಎರಡನೆಯ ವರ್ಷ ನೋಡಿಯೂ ನೋಡದಂತೆ ಮಾಡಿತು, ಮೂರನೆಯ ವರ್ಷ ಹೆರಿಗೆ ಬಂದಾಗ ಅದೇ ಸೈಕಲ್ಲಿನ ಗಂಟೆಗಾಗಿ ಬಾಗಿಲಲ್ಲಿ ಕಾಯಿತು. ನಾವು ಅವರನ್ನು ಬಾಯಾರ ಎಂದು ಕರೆಯುತ್ತಿದ್ದೆವು.

ರಸ್ತೆಯಲ್ಲಿ ನಮಗೆ ತೊಂದರೆ ಕೊಡುವವರು ಕಡಿಮೆ. ಸಂಸ್ಥಾನದ ಕಾರು ಬಂದರೆ ಇಳಿದು ನಿಂತು ಕೈಮುಗಿದರಾಯಿತು. ಎತ್ತಿನ ಗಾಡಿಯವನಿಗೆ ಎರಡು ಸಲ ಗಂಟೆ ಹೊಡೆದರೆ ದಾರಿ ಬಿಡುತ್ತಿದ್ದ. ಮುಧೋಳದ ಕಡೆಯಿಂದ ಬೇಟೆನಾಯಿ ಹಿಡಿದು ಬರುವವರು ಅಪರೂಪಕ್ಕೆ ಸಿಗುತ್ತಿದ್ದರು. ಆ ನಾಯಿ ಸೈಕಲ್ಲಿನ ಬೆನ್ನು ಹತ್ತಿದರೆ ಗೆಲ್ಲುವ ಮಾತೇ ಇಲ್ಲ, ಇಳಿದು ನಿಂತರೆ ಅದೂ ನಿಲ್ಲುತ್ತಿತ್ತು. ಇಳಿದು ನಿಂತರೂ ನಿಲ್ಲದ್ದು ಒಂದೇ, ಸರ್ವಿಸ್ ಮೋಟಾರು, ಅಂದರೆ ಆಗಿನ ಬಸ್ಸು.

ಯುದ್ಧದ ದಿನಗಳು, ಪೆಟ್ರೋಲಿಗೆ ಬರ. ಮೋಟಾರಿನ ಹಿಂದೆ ಉದ್ದನೆಯ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಓಡಿಸುತ್ತಿದ್ದರು. ರಬಕವಿಯಿಂದ ಹೊರಟು ಜಮಖಂಡಿಗೆ ಹೋಗುವ ಆ ಮೋಟಾರು ಸುಮಾರು ನಮ್ಮ ಹೊತ್ತಿಗೇ ನಮ್ಮ ಹಿಂದೆ ಬರುತ್ತಿತ್ತು. ಡ್ರೈವರು ಬಾಳಪ್ಪ. ಎತ್ತರದ ಆಳು, ದೊಡ್ಡ ಮೀಸೆ, ಯಾರ ಜೊತೆಗೂ ಮಾತು ಕಡಿಮೆ. ಮೊದಲೆಲ್ಲ ಚೆನ್ನಾಗಿಯೇ ನಡೆಸುತ್ತಿದ್ದನಂತೆ. ಆ ವರ್ಷ ಅವನಿಗೆ ಏನಾಗಿತ್ತೋ, ನಮ್ಮನ್ನು ದಾಟುವಾಗ ಮೈಗೆ ಒರಸಿಕೊಂಡೇ ಹೋಗುತ್ತಿದ್ದ. ರಸ್ತೆಯೋ ಒಂದು ಮೋಟಾರಿನಷ್ಟೇ ಅಗಲ. ಎಡಕ್ಕೆ ಇಳಿದರೆ ಎರೆಮಣ್ಣು, ಅದರಾಚೆ ಜಾಲಿ. ಒಂದು ತಿಂಗಳಲ್ಲಿ ನಾನು ಮೂರು ಸಲ ಆ ಜಾಲಿಯನ್ನು ಹೊಕ್ಕು ಬಂದೆ.

ಇಂಥವನಿಗೆ ಏನು ಮಾಡಬೇಕು ಎಂಬುದರಲ್ಲಿ ನಾವು ಮೂವರೂ ಮೂರು ದಾರಿ. ಮಾಸ್ತರರು ಹಿಂದೆ ಸದ್ದು ಕೇಳಿದ ಕೂಡಲೇ ಇಳಿದು, ಸೈಕಲ್ಲನ್ನು ಮೈಗೆ ಆನಿಸಿಕೊಂಡು ನಿಂತುಬಿಡುತ್ತಿದ್ದರು. "ಅವಂಗ ಅವಸರ ಐತಿ, ನಮಗಿಲ್ಲ. ಹೋಗ್ಲಿ ಬಿಡ್ರಿ" ಎನ್ನುತ್ತಿದ್ದರು. ಬಾಯಾರದು ಇದರ ತಿರುವುಮುರುವು. ಅವರು ಅಂಚು ಬಿಟ್ಟು ಒಂದು ಮೊಳ ಒಳಗೇ ತುಳಿಯುತ್ತಿದ್ದರು. "ನಾವು ಎಷ್ಟು ಸರದಷ್ಟೂ ಅವರು ನಮ್ಮನ್ನ ಸರಸ್ತಾರ. ನಾ ಅದೇನಿ ಅನ್ನೂದು ಅವಂಗ ದೂರದಿಂದನ ಕಾಣಬೇಕು" ಎಂಬುದು ಅವರ ಮಾತು.

ನನ್ನದು ಕಾರಕೂನನ ದಾರಿ, ಅರ್ಜಿ. ಎರಡು ಪುಟ ಬರೆದೆ. "ಸದರಿ ಚಾಲಕನು ಮದೋನ್ಮತ್ತನಾಗಿ" ಎಂದೆಲ್ಲ ಬರೆದು ನಾನೇ ನಾಲ್ಕು ಸಲ ಓದಿ ಸಂತೋಷಪಟ್ಟೆ. ಆದರೆ ಕೊಡುವುದು ಯಾರಿಗೆ? ಬನಹಟ್ಟಿ ಒಂದು ಸಂಸ್ಥಾನದ್ದು, ಪಕ್ಕದ ರಬಕವಿ ಇನ್ನೊಂದರದ್ದು, ಮೋಟಾರಿನ ಮಾಲಕರು ಮುಧೋಳದವರು, ಅದು ಮೂರನೆಯದು. ನಾನು ಯಾವ ಸಂಸ್ಥಾನದ ಜಾಲಿಯಲ್ಲಿ ಬಿದ್ದೆ ಎಂಬುದೇ ಮೊದಲು ಇತ್ಯರ್ಥವಾಗಬೇಕಿತ್ತು. ಅರ್ಜಿ ಕೋಟಿನ ಕಿಸೆಯಲ್ಲೇ ಉಳಿಯಿತು. ಅದೇ ಸಿಟ್ಟಿಗೆ ಇನ್ನೊಂದು ಕಿಸೆಯಲ್ಲಿ ಮುಷ್ಟಿಗಾತ್ರದ ಕಲ್ಲೊಂದನ್ನು ಇಟ್ಟುಕೊಂಡು ಓಡಾಡತೊಡಗಿದೆ. ಮೋಟಾರಿನ ಗಾಜು ಒಡೆಯಬೇಕೆಂಬುದು ಲೆಕ್ಕ. ಮೋಟಾರು ಬಂದಾಗ ಎರಡೂ ಕೈ ಹ್ಯಾಂಡಲ್ಲಿನ ಮೇಲೆ ಇರಬೇಕಾಗುತ್ತದೆ, ಕಲ್ಲು ತೆಗೆಯಲು ಕೈ ಬಿಡುವಿರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಒಂದು ಮುಂಜಾನೆ, ಇನ್ನೂ ಅರ್ಧ ದಾರಿ ಇರುವಾಗ, ಹಿಂದೆ ಮೋಟಾರಿನ ಗೊರಗೊರ ಕೇಳಿಸಿತು. ಮಾಸ್ತರರು ಎಂದಿನಂತೆ ಇಳಿದು ಅಂಚಿಗೆ ನಿಂತರು. ನಾನು ಅವರಿಗಿಂತ ತುಸು ಮುಂದಿದ್ದೆ, ಬಾಯಾರು ಇನ್ನೂ ಮುಂದೆ. ನಾನು ಎರೆಮಣ್ಣಿಗೆ ಇಳಿಸಿ ತಿರುಗಿ ನೋಡಿದೆ. ಮೋಟಾರು ಬಂದು, ನಿಂತಿದ್ದ ಮಾಸ್ತರರ ಹ್ಯಾಂಡಲ್ಲಿಗೆ ಬಡಿದು, ಸೈಕಲ್ಲನ್ನೂ ಅವರನ್ನೂ ಎತ್ತಿ ಜಾಲಿಗೆ ಒಗೆದು, ಏನೂ ಆಗಿಲ್ಲವೆಂಬಂತೆ ನನ್ನನ್ನು ದಾಟಿ ಹೋಯಿತು. ಒಳಗಿನ ಜನ ಬೊಬ್ಬೆ ಹಾಕಿದ ಮೇಲೆಯೇ ನಿಂತದ್ದು.

ಬಾಯಾರು ಸೈಕಲ್ ಬಿಟ್ಟು ಮಾಸ್ತರರ ಕಡೆಗೆ ಓಡಿದರು. ನಾನು ಮೋಟಾರಿನ ಕಡೆಗೆ ಓಡಿದೆ. ಈಗ ಕೈ ಬಿಡುವಿತ್ತು. ಕಲ್ಲು ಕೈಯಲ್ಲೇ ಇತ್ತು. ಬಾಳಪ್ಪ ಇಳಿದು ಎದುರಿಗೆ ಬಂದ. ಅವನ ಮುಖ ಬೆಳ್ಳಗಾಗಿತ್ತು. "ಯಾರಿಗರೆ ಬಡೀತೇನ್ರಿ? ಎಲ್ಲೈತಿ? ಎಲ್ಲಿ?" ಎಂದು ಕೇಳುತ್ತ ಹಿಂದಕ್ಕೆ ನಡೆದ. ನಾನು ಬಾಯಿಗೆ ಬಂದಂತೆ ಬೈಯುತ್ತ ಅವನ ಜೊತೆಗೇ ನಡೆದೆ. ಮಾಸ್ತರರು ಜಾಲಿಯಿಂದ ಈಚೆ ಬಂದು ರಸ್ತೆಯ ಬದಿಯಲ್ಲಿ ಕುಳಿತು ನರಳುತ್ತಿದ್ದರು. ಹೆಗಲಿನ ಎಲುಬು ಮುರಿದಿತ್ತು. ಬಾಯಾರು ತಮ್ಮ ಚೀಲದಿಂದ ಬಟ್ಟೆ ತೆಗೆದು ಅವರ ತೋಳನ್ನು ಕೊರಳಿಗೆ ಕಟ್ಟುತ್ತಿದ್ದರು. ಬಾಳಪ್ಪ ಎರೆಮಣ್ಣಿನಲ್ಲಿ ನಡೆದು ಬಂದವನು, ತನ್ನ ಎಡಕ್ಕೇ ಕುಳಿತಿದ್ದ ಅವರನ್ನು ದಾಟಿ ಎರಡು ಹೆಜ್ಜೆ ಮುಂದಕ್ಕೇ ಹೋದ. ಆಮೇಲೆ ತಲೆಯನ್ನು ಪೂರ್ತಿ ತಿರುಗಿಸಿ ನೋಡಿ, "ಅಯ್ಯ ಶಿವನ" ಎಂದು ಕುಕ್ಕರಿಸಿದ.

ಬಾಯಾರು ಗಂಟು ಹಾಕುವುದನ್ನು ನಿಲ್ಲಿಸಿ ಅವನನ್ನು ಒಂದು ಗಳಿಗೆ ನೋಡಿದರು. ಗಂಟು ಮುಗಿಸಿ ಎದ್ದು, ನನ್ನ ಹತ್ತಿರ ಬಂದು, ಕೈ ಚಾಚಿದರು. ನಾನು ಕಲ್ಲು ಕೊಟ್ಟೆ. ಬಾಳಪ್ಪ ಎದ್ದು ನನ್ನತ್ತ ತಿರುಗಿ ಕೈಮುಗಿದು, "ಬೇಕಂತ ಮಾಡಿಲ್ರಿ, ನನ್ನ ಮಕ್ಕಳಾಣಿ" ಎನ್ನುತ್ತಿದ್ದ. ಬಾಯಾರು ಸದ್ದಿಲ್ಲದೆ ಅವನ ಎಡಮಗ್ಗುಲಿಗೆ ಹೋಗಿ, ಆ ಕಲ್ಲನ್ನು ಅವನ ಕಣ್ಣಿನಿಂದ ಗೇಣಿನಷ್ಟು ದೂರದಲ್ಲಿ ಎತ್ತಿ ಹಿಡಿದರು. ಹೊಡೆಯುವವರಂತೆ ಒಮ್ಮೆ ಮುಂದಕ್ಕೆ ತಂದರು.

ಬಾಳಪ್ಪ ರೆಪ್ಪೆ ಬಡಿಯಲಿಲ್ಲ. ಮಾತು ಆಡುತ್ತಲೇ ಇದ್ದ.

ಮೋಟಾರಿನಿಂದ ಇಳಿದು ಬಂದ ಜನ ಸುತ್ತ ನಿಂತಿದ್ದರು. ಅವರೆಲ್ಲ ಸುಮ್ಮನಾದರು. ಆ ಮೌನಕ್ಕೆ ಬಾಳಪ್ಪನೂ ಮಾತು ನಿಲ್ಲಿಸಿ ತಲೆ ತಿರುಗಿಸಿದ. ಕಲ್ಲು ಕಂಡಿತು. ಅವನಿಗೆ ತಿಳಿಯಿತು.

"ಎಷ್ಟ ದಿನಾ ಆತು?" ಎಂದರು ಬಾಯಾರು.

"ದೀಪಾವಳಿ ಮುಂದ್ರಿ. ಡ್ರಮ್ಮಿನ ಬಾಗಲಾ ತಗದಾಗ ಇದ್ದಿಲ ಕಿಡಿ ಈ ಕಣ್ಣಿಗೆ ಸಿಡೀತು. ಕಡಿಮಿ ಆದೀತು, ಕಡಿಮಿ ಆದೀತು ಅಂದ್ಕೊಂಡೆ."

"ಯಾರಿಗೂ ಹೇಳಲಿಲ್ಲ?"

"ಹೇಳಿದ್ರ ಸ್ಟೇರಿಂಗ್ ಕಸಗೋತಾರ್ರಿ ಬಾಯಾರ. ನನಗ ಮತ್ತೇನ ಬರತೈತಿ? ನಿಮ್ಮ ಕಾಲ ಹಿಡೀತೇನಿ, ನೀವೂ ಹೇಳಬ್ಯಾಡ್ರಿ."

"ನಾ ಹೇಳೂದಿಲ್ಲ. ನೀನ ಹೇಳಬೇಕು, ಇವತ್ತ ಸಂಜೀಕ, ಮಾಲಕರ ಎದರಿಗೆ. ನಾ ಮಗ್ಗಲದಾಗ ನಿಂತಿರತೇನಿ. ನೀ ಹೇಳಲಿಲ್ಲಂದ್ರ ಆಗ ನಾ ಹೇಳತೇನಿ."

ಈಗ ಮಾಸ್ತರರನ್ನು ದವಾಖಾನೆಗೆ ಮುಟ್ಟಿಸಬೇಕು, ಮೋಟಾರು ನಡೆಸಬಲ್ಲವನು ಬಾಳಪ್ಪನೊಬ್ಬನೇ. ಸೈಕಲ್ಲುಗಳನ್ನು ಮೋಟಾರಿನ ಟಪ್ಪಿನ ಮೇಲೆ ಹಾಕಿದರು. ಬಾಯಾರು ಮಾಸ್ತರರ ಜೊತೆ ಒಳಗೆ ಕುಳಿತರು. ನನ್ನನ್ನು ಮುಂದೆ ಎಡಗಡೆಗೆ ಕೂಡಿಸಿ, "ಕಾರಕೂನರ, ಎಡಕ್ಕ ಏನ ಕಂಡರೂ ಒದರ್ರಿ" ಎಂದರು. ಜಮಖಂಡಿಯವರೆಗೆ ನಾನು ಒದರುತ್ತ ಹೋದೆ. ಎಡಕ್ಕ ಗಾಡಿ, ಎಡಕ್ಕ ಕುರಿ, ಎಡಕ್ಕ ಮುದುಕಿ. ಒಂದೊಂದು ಕೂಗಿಗೂ ಬಾಳಪ್ಪ ಹೆದರಿದ ಎತ್ತಿನಂತೆ ಬಲಕ್ಕೆ ಎಳೆಯುತ್ತಿದ್ದ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಇಷ್ಟು ತಿಂಗಳು ಈ ಮನುಷ್ಯ ಇದನ್ನೆಲ್ಲ ಅಂದಾಜಿನ ಮೇಲೆ ದಾಟಿ ಬಂದಿದ್ದಾನೆ ಎಂಬುದು ಹೊಳೆದು ನನಗೂ ಬೆವರು ಬಂತು.

ಸಂಜೆ ಸ್ಟ್ಯಾಂಡಿನಲ್ಲಿ ಅವನು ಹೇಳಿದ. ಮಾಲಕರು ಕೂಗಾಡಿದರು, ಅಲ್ಲಿಯೇ ಅವನನ್ನು ಸ್ಟೇರಿಂಗಿನಿಂದ ಇಳಿಸಿದರು. ಬಾಯಾರು ಜಗಳಾಡಿ ಅವನಿಗೆ ಶೆಡ್ಡಿನಲ್ಲಿ ಗ್ಯಾಸಿನ ಡ್ರಮ್ಮು ರಿಪೇರಿಯ ಕೆಲಸ ಉಳಿಸಿಕೊಟ್ಟರು, ಮೀರಜಕ್ಕೆ ಕರೆದೊಯ್ದು ತೋರಿಸಿದರು. ಹೋದ ಕಣ್ಣು ಬರಲಿಲ್ಲ. ಮಾಸ್ತರರ ಹೆಗಲು ಕೂಡಿತು, ತುಸು ವಾರೆಯಾಗಿ. ಆಮೇಲೆ ಹಲಗೆಯ ಮೇಲೆ ಅವರು ಬರೆಯುವ ಸಾಲುಗಳೂ ಕೆಳಕ್ಕೆ ಇಳಿಯುತ್ತಿದ್ದವೆಂದು ಹೇಳುತ್ತಾರೆ. ಬಾಳಪ್ಪ ಬಾಯಾರನ್ನು ಕಂಡರೆ ಕೈಮುಗಿಯುತ್ತಿದ್ದ, ನನ್ನನ್ನು ಕಂಡರೆ ಶೆಡ್ಡಿನೊಳಗೆ ಹೋಗುತ್ತಿದ್ದ. ಅವನಿಗೆ ನಾನು ಬೈದ ಮಾತುಗಳು ಹಾಗಿದ್ದವು. ಹೋಗಿ ಮಾತಾಡಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಸಂಸ್ಥಾನಗಳು ಮುಗಿದು, ಶೆಡ್ಡು ಮುಚ್ಚಿ, ಅವನು ಊರು ಬಿಟ್ಟ. ನಾನು ಹೋಗಲೇ ಇಲ್ಲ.

ಹೊಸ ಡ್ರೈವರು ಬಂದ ಮೊದಲ ದಿನ ಬಾಯಾರು, ಇನ್ನೂ ತೋಳನ್ನು ಕೊರಳಿಗೆ ಕಟ್ಟಿಕೊಂಡಿದ್ದ ಮಾಸ್ತರರನ್ನೂ ನನ್ನನ್ನೂ ಸ್ಟ್ಯಾಂಡಿಗೆ ಎಳೆದುಕೊಂಡು ಹೋಗಿದ್ದರು. ಅವನಿಗೆ ಚಹಾ ಕುಡಿಸಿ, "ಇವರು ಭರಮಣ್ಣ ಮಾಸ್ತರು, ಇವರು ಕಚೇರಿ ಕಾರಕೂನರು, ನಾ ದವಾಖಾನಿಯಾಕಿ. ದಿನಾ ನಿನ್ನ ಮುಂದ ಇರತೇವಿ, ಗುರತ ಇಟ್ಕೋ" ಎಂದಿದ್ದರು. ಅವನೂ ಜೋರು ನಡೆಸುವವನೇ. ಆದರೆ ನಮ್ಮ ಬೆನ್ನು ಕಂಡಾಗ ಹಾರ್ನು ಒತ್ತಿ, ವೇಗ ಇಳಿಸಿ, ಬಲಕ್ಕೆ ಸರಿದು ಹೋಗುತ್ತಿದ್ದ. ಗುರುತಿಲ್ಲದವರ ಪಾಡು ಏನಾಗುತ್ತಿತ್ತೋ, ನಾವು ವಿಚಾರಿಸಲಿಲ್ಲ.

ಇವತ್ತು ಪಂಕ್ಚರ್ ಮುಗಿದ ಮೇಲೆ ನಾನು ನೇರ ಮನೆಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋದೆ. ನನ್ನನ್ನು ದಿನಾ ಅಂಚಿಗೆ ಕಳಿಸುವ ಬಸ್ಸು ನಿಂತಿತ್ತು, ಡ್ರೈವರು ಮೆಟ್ಟಿಲ ಮೇಲೆ ಕುಳಿತು ಶೇಂಗಾ ತಿನ್ನುತ್ತಿದ್ದ. ಮೂವತ್ತರ ಒಳಗಿನವನು. ಎದುರಿಗೆ ನಿಂತು ನನ್ನ ಹೆಸರು, ಮನೆ, ಎಷ್ಟು ಹೊತ್ತಿಗೆ ಯಾವ ದಾರಿಯಲ್ಲಿ ಹೋಗುತ್ತೇನೆಂಬುದನ್ನೆಲ್ಲ ಹೇಳಿದೆ. ಅವನು ಗಾಬರಿಯಾಗಿ ಎದ್ದು ನಿಂತ. "ಇನ್ನ ನೋಡಿ ಹೊಡೀತೇನ್ರಿ ಅಜ್ಜಾರ" ಎಂದ. ಕೆಲಸವಾಯಿತೆಂದು ಸೈಕಲ್ ತಿರುಗಿಸಿದೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಕೂಗಿದ.

"ಅಜ್ಜಾರ, ನನ್ನ ಹೆಸರ ಕೇಳಲಿಲ್ಲಲ್ರಿ?"

ಸ್ಟ್ಯಾಂಡು ಹಾಕಿ ಸೈಕಲ್ ನಿಲ್ಲಿಸಿ, ತಿರುಗಿ ಅವನ ಹತ್ತಿರ ಹೋದೆ. ಅವನು ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಜಾಗ ಮಾಡಿಕೊಟ್ಟ.