ಎಳ್ಳೆಣ್ಣೆಯ ಟವೆಲುಗಳು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಶ್ಯಾಂಟಿಲಿಯ ನಮ್ಮ ಟೌನ್‌ಹೌಸಿನ ಮಹಡಿಯ ಕೋಣೆಯಲ್ಲಿ ಮಲಗಿದ್ದವಳಿಗೆ ಹೊಗೆಯ ವಾಸನೆ ಬಂತು. ಸಾಂಬ್ರಾಣಿ ಇರಬೇಕು ಎಂದುಕೊಂಡು ಮಗ್ಗುಲು ಬದಲಿಸಿದೆ. ಹಾಗೆ ಮಗ್ಗುಲು ಬದಲಿಸಿದ್ದು ಈಗಲೂ ದಿನಕ್ಕೆ ಹತ್ತು ಸಲ ಕಣ್ಣ ಮುಂದೆ ಬರುತ್ತದೆ.

ಹೆರಿಗೆಯಾಗಿ ಇಪ್ಪತ್ತಾರು ದಿನವಾಗಿತ್ತು. ಬಾಣಂತನಕ್ಕೆಂದು ಮೈಸೂರಿನಿಂದ ವಿಮಾನ ಹತ್ತಿ ಬಂದಿದ್ದ ಅಮ್ಮ ದಿನವೂ ನನಗೂ ಮಗಳಿಗೂ ಎಳ್ಳೆಣ್ಣೆ ತಿಕ್ಕಿ ನೀರು ಹಾಕಿ ಟವೆಲಿನಲ್ಲಿ ಒರೆಸುತ್ತಿದ್ದಳು. ಆಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ಕೊಡುತ್ತಿದ್ದಳು. ಆ ಹೊಗೆಗೆ ಸ್ಮೋಕ್ ಅಲಾರಂ ಕಿರುಚಿ ಮಗು ಬೆಚ್ಚಿಬೀಳುತ್ತಿತ್ತು. ಮೂರನೆಯ ದಿನವೇ ನನ್ನ ಗಂಡ ಕುರ್ಚಿ ಹತ್ತಿ ಅದನ್ನು ಬಿಚ್ಚಿಟ್ಟ. ಬಿಚ್ಚು ಎಂದವಳು ನಾನು.

ಮತ್ತೆ ವಾಸನೆ ಬಂದಾಗ ಕಣ್ಣು ಬಿಟ್ಟೆ. ತೊಟ್ಟಿಲ ಬುಡದಲ್ಲಿದ್ದ ಬಟ್ಟೆಬುಟ್ಟಿಯ ನಡುವಿನಿಂದ ಹೊಗೆ ಏಳುತ್ತಿತ್ತು. ಮಗುವನ್ನು ಎತ್ತಿಕೊಳ್ಳುವಷ್ಟರಲ್ಲಿ ಬುಟ್ಟಿ ಭಗ್ಗೆಂದಿತು. ಬರಿಗಾಲಲ್ಲಿ ಮೆಟ್ಟಿಲಿಳಿದು ಹಿಮದ ಮೇಲೆ ನಿಂತಾಗ ಮಗು ಅಳುತ್ತಿರಲಿಲ್ಲ, ಕೆಮ್ಮುತ್ತಿತ್ತು. ಅಗ್ನಿಶಾಮಕದವರು ಬಂದು ಆರಿಸುವಷ್ಟರಲ್ಲಿ ಆ ಒಂದು ಕೋಣೆ ಸುಟ್ಟಿತ್ತು. ಮಗುವನ್ನು ಆಸ್ಪತ್ರೆಯವರು ಎರಡು ದಿನ ಇಟ್ಟುಕೊಂಡು ಏನೂ ಆಗಿಲ್ಲವೆಂದು ಕಳಿಸಿದರು.

ಅಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. "ನನ್ ಕೆಂಡಾನೇ ಕಣೇ. ಬಾಣಂತನ ಮಾಡಕ್ಕೆ ಬಂದೋಳು ಮಗೂನೇ ಸುಡ್ತಿದ್ದೆನಲ್ಲೇ" ಎನ್ನುತ್ತಿದ್ದಳು. ಅಂದಿನಿಂದ ಮಗುವನ್ನು ಮುಟ್ಟಲಿಲ್ಲ. ಅದು ಅತ್ತರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಅಗ್ನಿಶಾಮಕ ಇಲಾಖೆಯ ಅಧಿಕಾರಿ ಬಂದು ಕರಕಲಾದ ಬುಟ್ಟಿ ಕೆದಕಿ ನೋಡಿ, ಟವೆಲುಗಳಲ್ಲಿ ಯಾವ ಎಣ್ಣೆಯಿತ್ತು ಎಂದು ಕೇಳಿದ. ಬೆಂಕಿ ಅಲ್ಲೇ ಹುಟ್ಟಿದ್ದು ಎಂದ.

"ಒಗೆದ ಟವೆಲ್ ತಾನಾಗೇ ಹತ್ಕೊಳತ್ತಾ? ಜೋಕ್ ಮಾಡ್ತಿದಾನಾ ಇವ್ನು?" ಎಂದು ನನ್ನ ಗಂಡ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ನನಗೆ ಅದು ಜೋಕ್ ಅಲ್ಲವೆಂದು ಗೊತ್ತಿತ್ತು. ನಾನು ಓದಿದ್ದು ರಸಾಯನಶಾಸ್ತ್ರ. ಫೇರ್‌ಫ್ಯಾಕ್ಸಿನ ಕಾಲೇಜಿನಲ್ಲಿ ಪಾಠ ಮಾಡುವುದೂ ಅದನ್ನೇ. ಎಂಥಾಲ್ಪಿಯ, ಅಂದರೆ ರಾಸಾಯನಿಕ ಕ್ರಿಯೆಗಳ ಶಾಖದ, ಅಧ್ಯಾಯವನ್ನು ಪ್ರತಿ ಸೆಮಿಸ್ಟರಿನಲ್ಲೂ ಬೋರ್ಡಿನ ಮೇಲೆ ಬರೆದಿದ್ದೇನೆ. ಎಣ್ಣೆ ಧಗ್ಗನೆ ಉರಿದರೂ ಸರಿ, ಗಾಳಿಯ ಆಮ್ಲಜನಕದೊಂದಿಗೆ ಮೆಲ್ಲಗೆ ಸೇರಿದರೂ ಸರಿ, ಶಾಖ ಹೊರಬರಲೇಬೇಕು. ಹರಡಿದ ಬಟ್ಟೆಯಿಂದ ಅದು ಗಾಳಿಗೆ ಹೋಗಿಬಿಡುತ್ತದೆ. ಒತ್ತಿ ಮಡಿಸಿದರೆ ಒಳಗೇ ಉಳಿಯುತ್ತದೆ, ಬಿಸಿ ಏರಿದಷ್ಟೂ ಎಣ್ಣೆ ಇನ್ನಷ್ಟು ವೇಗವಾಗಿ ಶಾಖ ಬಿಡುತ್ತದೆ. ಮೈಸೂರಿನಲ್ಲಿ ಅಮ್ಮ ಇಂಥ ಟವೆಲುಗಳನ್ನು ಬಿಸಿಲಲ್ಲಿ ತಂತಿಯ ಮೇಲೆ ಹರವುತ್ತಿದ್ದಳು. ಒಗೆದರೂ ಎಣ್ಣೆ ಪೂರ್ತಿ ಹೋಗಿರದ ಅವನ್ನು ನಾನು ಡ್ರೈಯರ್‌ಗೆ ಹಾಕಿದೆ. ಕೊನೆಯಲ್ಲಿ ಅದು ಬಟ್ಟೆ ತಣಿಸುವ ಹತ್ತು ನಿಮಿಷಕ್ಕೂ ಕಾಯದೆ ಸುಡುಸುಡು ತೆಗೆದು, ಮಡಿಸಿ, ಬುಟ್ಟಿಗೆ ಒತ್ತಿ ತುಂಬಿ, ಮಗುವಿಗೆ ಬೆಚ್ಚಗಿರಲಿ ಎಂದು ತೊಟ್ಟಿಲ ಬುಡದಲ್ಲಿಟ್ಟೆ.

ಅಧಿಕಾರಿಯ ಇಂಗ್ಲಿಷ್ ಅಮ್ಮನಿಗೆ ಅರ್ಥವಾಗಿರಲಿಲ್ಲ. ನಾನು ಒಂಬತ್ತು ದಿನ ಹೇಳಲಿಲ್ಲ. ಅವಳಿಗೆ ಹೇಳಬೇಡ ಎಂದು ಗಂಡನಿಗೂ ಹೇಳಿದೆ. ಹತ್ತನೆಯ ದಿನ ಮಗು ಅತ್ತೂ ಅತ್ತೂ ನೀಲಿಗಟ್ಟಿದಾಗ ಅಮ್ಮ ಬಾಗಿಲ ಬಳಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ನಿನ್ ಕೆಂಡ ಅಲ್ಲಮ್ಮ. ನಾನು ಮಡಿಸಿಟ್ಟ ಟವೆಲ್ಲು."

"ಯಾರ್ ಹೇಳಿದ್ದು?"

"ಅವತ್ತು ಬಂದಿದ್ರಲ್ಲ, ಫೈರ್‌ನೋರು."

"ಅವತ್ತಿಂದ ನಾನು ಮಗು ಮುಟ್ತಿಲ್ಲ. ನೀನು ನೋಡ್ಕೊಂಡ್ ಕೂತಿದ್ಯಾ?"

ಅವಳು ಮಗುವನ್ನು ಎತ್ತಿಕೊಂಡಳು. ಒಂದೇ ನಿಮಿಷದಲ್ಲಿ ನನ್ನ ಮಡಿಲಿಗೆ ಹಾಕಿ ಹೋದಳು. ಟಿಕೆಟನ್ನು ಮುಂಚಿನ ದಿನಕ್ಕೆ ಬದಲಾಯಿಸಿಕೊಂಡು, ಮೂರು ತಿಂಗಳು ಇರಬೇಕಾದವಳು ಎರಡನೆಯ ತಿಂಗಳಲ್ಲೇ ಹೊರಟಳು.

ಅಮ್ಮ ಹೋದ ಹನ್ನೊಂದನೆಯ ದಿನ, ಒಂದು ಗುರುವಾರ, ಬೆಂಕಿಯ ನಂತರ ಮೊದಲ ಸಲ ನಾನು ರಾತ್ರಿ ಒಮ್ಮೆಯೂ ಎದ್ದು ಹೊಗೆಯ ವಾಸನೆಯಿದೆಯೇ ಎಂದು ಮೂಸಿ ನೋಡದೆ ಬೆಳಗಿನವರೆಗೆ ಮಲಗಿದ್ದೆ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ.

"ಹೌದಾ. ನಂಗೂ ನಿನ್ನೆ ಚೆನ್ನಾಗಿ ನಿದ್ದೆ ಬಂತು" ಎಂದಳು. ಮಗುವನ್ನು ತೋರಿಸು ಎನ್ನಲಿಲ್ಲ.