ಬಂಡೆಯಣ್ಣನನ್ನು ಇಳಿಸಿದ್ದು

ಪ್ರಜ್ಞೆ ತಪ್ಪಿ ಬೀಳುವುದರಲ್ಲಿ ಎಲ್ಲರೂ ಕಡ್ಡಿ ಎಂದು ಕರೆಯುವ ಆ ಸಣಕಲಿಯನ್ನು ಮೀರಿಸುವವರು ಆ ಗುಡ್ಡದ ಮೇಲೆ ಯಾರೂ ಇರಲಿಲ್ಲ. ಕರೆಂಟು ತಯಾರಿಸುವ ಗಾಳಿಯಂತ್ರದ ತುದಿಯಲ್ಲಿರುವ ಯಂತ್ರದ ಕೋಣೆಯಲ್ಲಿ, ಎಣ್ಣೆ ಜಿಡ್ಡಿನ ನೆಲದ ಮೇಲೆ ಕೈಕಾಲು ಚೆಲ್ಲಿ, ಕುತ್ತಿಗೆ ವಾಲಿಸಿ, ಬಾಯಿ ಸ್ವಲ್ಪ ತೆರೆದು ಅವಳು ಮಲಗಿದಳೆಂದರೆ ನೋಡಿದವರ ಎದೆ ಧಸಕ್ಕೆನ್ನಬೇಕು. ರಕ್ಷಣೆಯ ತಾಲೀಮು ನಡೆದಾಗಲೆಲ್ಲ ಅದೇ ಅವಳ ಪಾತ್ರ. ಜೊತೆಗಾರ ಬಂಡೆಯಣ್ಣ ಅವಳನ್ನು ನಿದ್ದೆ ಹೋದ ಮಗುವಿನಂತೆ ಎತ್ತಿಕೊಂಡು, ಹಿಂಬದಿಯ ನೆಲಬಾಗಿಲ ತನಕ ತಂದು, ಹಗ್ಗದ ಕೊಕ್ಕೆಗೆ ಸಿಕ್ಕಿಸಿ ಕೆಳಗೆ ಬಿಡುತ್ತಿದ್ದ. ಅವಳು ನಿಧಾನಕ್ಕೆ ಗಿರಗಿರ ತಿರುಗುತ್ತ ನೆಲ ಸೇರುತ್ತಿದ್ದಳು. ಕೆಳಗಿದ್ದವರು ಚಪ್ಪಾಳೆ ತಟ್ಟಿ ಟೀ ಕುಡಿಯಲು ಹೋಗುತ್ತಿದ್ದರು. ಅಲ್ಲಿಗೆ ತಾಲೀಮು ಮುಗಿಯುತ್ತಿತ್ತು.

ಗಾಳಿಯಂತ್ರವನ್ನು ಒಬ್ಬರೇ ಹತ್ತುವಂತಿಲ್ಲ. ಇಬ್ಬರು ಬೇಕು. ಒಬ್ಬರಿಗೆ ಏನಾದರೂ ಆದರೆ ಇಳಿಸಲು ಅಲ್ಲಿ ಇರುವುದು ಇನ್ನೊಬ್ಬರು ಮಾತ್ರ. ಬೆಂಕಿ ಆರಿಸುವವರ ಏಣಿ ಗೋಪುರದ ಮೊಣಕಾಲು ದಾಟುವುದಿಲ್ಲ. ಆಂಬುಲೆನ್ಸ್ ಬಂದರೂ ಕೆಳಗೆ ನಿಂತು ಕೂಗಬೇಕಷ್ಟೆ. ರಸ್ತೆಯಲ್ಲಿ ಹೋಗುವವರು ಆ ಬಿಳಿ ರೆಕ್ಕೆಗಳನ್ನು ನೋಡಿ "ಎಷ್ಟು ಚೆಂದ, ಹೊಗೆಯಿಲ್ಲ, ಕೊಳೆಯಿಲ್ಲ" ಎನ್ನುತ್ತಾರೆ. ಹೊಗೆ ಇಲ್ಲ, ಒಪ್ಪೋಣ. ಆದರೆ ಅದರ ತಲೆಯೊಳಗೆ ಬಗ್ಗಿ ಕುಳಿತು ಬೋಲ್ಟು ಬಿಗಿಯುವ ಮನುಷ್ಯರಿದ್ದಾರೆ ಎಂಬ ಮಾತು ಆ ಹೊಗಳಿಕೆಯಲ್ಲಿ ಎಲ್ಲೂ ಬರುವುದಿಲ್ಲ. ಎತ್ತರದ ಕೆಲಸದ ಬಗ್ಗೆ ಉದ್ದುದ್ದ ಭಾಷಣ ಬಿಗಿಯುವವರ ಕಾಲು ಯಾವತ್ತೂ ನೆಲದ ಮೇಲೇ ಇರುತ್ತದೆ.

ಕಡ್ಡಿ ಮೊದಲು ಲಿಫ್ಟ್ ರಿಪೇರಿಯ ಕೆಲಸದಲ್ಲಿದ್ದವಳು. ದೊಡ್ಡ ಕಟ್ಟಡಗಳ ಕತ್ತಲ ಬಾವಿಯಲ್ಲಿ ಗ್ರೀಸು ಬಳಿದುಕೊಂಡು ವರ್ಷಗಟ್ಟಲೆ ಇದ್ದು ಬೇಸತ್ತಿದ್ದಳು. "ಎತ್ತರಕ್ಕೆ ಹೋಗೋದಾದ್ರೆ ಆಕಾಶ ಕಾಣೋ ಎತ್ತರಕ್ಕೆ ಹೋಗ್ತೀನಿ" ಎಂದು ಈ ಕೆಲಸಕ್ಕೆ ಸೇರಿದಳು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವಳ ಕೆಲಸದ ಅಂಗಿ ಎಲ್ಲಿ ಹರಿದರೂ ಮೊದಲಿಗಿಂತ ಗಟ್ಟಿಯಾಗಿ ಹೊಲಿದು ಕೊಡುತ್ತಿದ್ದ. ಎಷ್ಟು ಎತ್ತರದಲ್ಲಿ ಹರಿಯಿತು ಎಂದು ಮಾತ್ರ ಕೇಳುತ್ತಿರಲಿಲ್ಲ. ಕೇಳುವ ಕೆಲಸ ಅತ್ತೆಯದು.

ಬಂಡೆಯಣ್ಣನ ಜೊತೆ ಅವಳಿಗೆ ಹೊಂದಿಕೆಯಾದದ್ದು ಮೊದಲ ವಾರದಲ್ಲೇ. ಹೆಸರಿಗೆ ತಕ್ಕ ಆಳು. ಭುಜ ಬಾಗಿಲ ಅಗಲ, ಕೈ ಮರದ ದಿಮ್ಮಿ. ಮುಖ ಮಾತ್ರ ಈಗಷ್ಟೇ ಬೈಸಿಕೊಂಡ ಹುಡುಗನಂತೆ ಮೆದು. ಅವಳು ಇಕ್ಕಟ್ಟಾದ ಜಾಗಗಳಲ್ಲಿ ನುಸುಳುತ್ತಿದ್ದಳು, ಅವನು ಭಾರ ಎತ್ತುತ್ತಿದ್ದ. "ನೀನು ಕಡ್ಡಿ, ನಾನು ಪೆಟ್ಟಿಗೆ. ಇಬ್ಬರೂ ಸೇರಿದ್ರೇನೇ ಬೆಂಕಿ" ಎಂದು ನಗುತ್ತಿದ್ದ. ಅವಳಿಗೆ ಅವನು ಒಡಹುಟ್ಟಿದವನಿಗಿಂತ ಹೆಚ್ಚು.

ಒಂದು ಬೆಳಗ್ಗೆ ದೂರದ ಇನ್ನೊಂದು ಗುಡ್ಡದಿಂದ ಸುದ್ದಿ ಬಂತು. ಅಲ್ಲಿ ಯಂತ್ರದ ಕೋಣೆಯಲ್ಲಿ ಸೆಕೆಗೆ ತಲೆ ಸುತ್ತಿ ಒಬ್ಬ ಕುಸಿದಿದ್ದ. ದಪ್ಪ ಆಳು. ಜೊತೆಯಲ್ಲಿದ್ದವನು ಸಣಕಲ. ಎತ್ತಲಾಗದೆ, ಎಳೆಯಲಾಗದೆ, ನೀರು ಚಿಮುಕಿಸುತ್ತ ಸಹಾಯಕ್ಕಾಗಿ ಕಾದು ಕುಳಿತಿದ್ದ. ಬೇರೆ ಕಡೆಯಿಂದ ಆಳುಗಳು ಬಂದು ಹತ್ತಿ ಇಳಿಸುವ ಹೊತ್ತಿಗೆ ಬಿದ್ದವನ ಜೀವ ಉಳಿದಿತ್ತು, ಮಾತು ಮಾತ್ರ ತೊದಲಾಗಿತ್ತು. ಎಲ್ಲರೂ ಅಯ್ಯೋ ಪಾಪ ಎಂದರು. ಕಡ್ಡಿಯೂ ಅಂದಳು.

ಅದೇ ವಾರ ಅತ್ತೆ ಬಚ್ಚಲಲ್ಲಿ ಜಾರಿ ಕುಕ್ಕರಿಸಿದರು. ಏಟೇನೂ ಆಗಿರಲಿಲ್ಲ, ಏಳಲು ಆಗುತ್ತಿರಲಿಲ್ಲ ಅಷ್ಟೆ. ಗಂಡ ಬಟ್ಟೆ ತರಲು ಪೇಟೆಗೆ ಹೋಗಿದ್ದ. ಕಡ್ಡಿ ಹಿಂದಿನಿಂದ ತೋಳಡಿ ಕೈ ಹಾಕಿ ಎತ್ತಿದಳು. ಅತ್ತೆ ಅಲುಗಲಿಲ್ಲ. ಮುಂದಿನಿಂದ ಎಳೆದಳು. ಇವಳೇ ಜಾರಿ ಅತ್ತೆಯ ಮಡಿಲಿಗೆ ಬಿದ್ದಳು.

"ಆಕಾಶಕ್ಕೆ ಹತ್ತೋಳು ನೀನು. ಅತ್ತೇನ ನೆಲದಿಂದ ಎತ್ತೋಕಾಗಲ್ವಾ?" ಎಂದು ಅತ್ತೆ ಒದ್ದೆ ಸೀರೆಯಲ್ಲೇ ನಗತೊಡಗಿದರು.

ಕಡ್ಡಿ ನಗಲಿಲ್ಲ. ಅತ್ತೆಯಂಥವರು ಇಬ್ಬರು ಸೇರಿದರೂ ಬಂಡೆಯಣ್ಣನ ತೂಕಕ್ಕೆ ಸಾಲದು. ಪಕ್ಕದ ಮನೆಯಾಕೆ ಬಂದು ಕೈ ಕೊಟ್ಟು ಅತ್ತೆಯನ್ನು ಎಬ್ಬಿಸಿದಳು. ಆದರೆ ಯಂತ್ರದ ಕೋಣೆಗೆ ಪಕ್ಕದ ಮನೆ ಇಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳು ಬಂಡೆಯಣ್ಣನನ್ನು ಇಳಿಸಿರಲಿಲ್ಲ. ಯಾವ ಜೋಡಿಯಲ್ಲೂ ಹಗುರದವರು ಭಾರದವರನ್ನು ಇಳಿಸಿರಲಿಲ್ಲ. ಬೇಗ ಮುಗಿಯಲಿ ಎಂದು ಹಗುರದವರೇ ಮಲಗುವುದು ಅಲ್ಲಿನ ರೂಢಿ. ಕಾಯಿಲೆಗೂ ಅಪಘಾತಕ್ಕೂ ಆ ರೂಢಿ ಗೊತ್ತಿದೆ ಎಂಬಂತೆ ಎಲ್ಲರೂ ನೆಮ್ಮದಿಯಾಗಿದ್ದರು.

ಮರುದಿನ ಸೂಪರ್‌ವೈಸರ್ ಕೋಣೆಗೆ ಹೋಗಿ ನಿಂತಳು.

"ಸಾರ್, ಈ ಸಲ ತಾಲೀಮಲ್ಲಿ ನಾನು ಮಲಗಲ್ಲ. ಅಣ್ಣ ಮಲಗಲಿ."

ಸೂಪರ್‌ವೈಸರ್ ಕೆಟ್ಟವರಲ್ಲ. ಒಂದು ಕಾಲಕ್ಕೆ ದಿನಕ್ಕೆರಡು ಗೋಪುರ ಹತ್ತಿದವರು. ಈಗ ಕುರ್ಚಿ, ಕುರ್ಚಿಯ ಜೊತೆ ಹೊಟ್ಟೆ. "ಯಾಕಮ್ಮ, ಚೆನ್ನಾಗೇ ನಡೀತಿದೆಯಲ್ಲ? ಅವನನ್ನ ಎಳೆಯೋಕೆ ಹೋಗಿ ನಿನ್ನ ಸೊಂಟ ಹಿಡ್ಕೊಂಡ್ರೆ ನಾನು ಇಬ್ಬರನ್ನ ಇಳಿಸ್ಬೇಕು."

"ತಾಲೀಮಲ್ಲಿ ಹಿಡ್ಕೊಂಡ್ರೆ ನೀವಿರ್ತೀರಿ ಸಾರ್. ನಿಜವಾಗಿ ಬಿದ್ದ ದಿನ ಯಾರಿರ್ತಾರೆ?"

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಸರಿ. ಅವನು ಒಪ್ಪಿದ್ರೆ."

ಬಂಡೆಯಣ್ಣ ಒಪ್ಪಿದ, ಆದರೆ ಮುಖ ಊದಿಸಿಕೊಂಡ. "ನಾನು ಬೀಳೋ ಆಳಾ? ಕಣ್ಣು ಹಾಕ್ಬೇಡ ತಂಗಿ" ಎಂದ. ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಟ್ಟ. ತೂಕದ ಮಾತು ಬಂದಾಗಲೆಲ್ಲ ಅವನು ಹೀಗೆ ಮಾಡುತ್ತಿದ್ದ.

ತಾಲೀಮಿನ ದಿನ ರೆಕ್ಕೆಗಳನ್ನು ನಿಲ್ಲಿಸಿ, ತಿರುಗದಂತೆ ಬಂಧಿಸಿ, ಮೂವರೂ ಹತ್ತಿದರು. ಸೂಪರ್‌ವೈಸರ್ ಏಣಿಯ ನಡುನಡುವಿನ ಪ್ರತಿ ಅಟ್ಟದಲ್ಲೂ ಏದುಸಿರು ಬಿಡುತ್ತ ನಿಂತರು. ಕೆಳಗೆ ಕಾವಲುಗಾರನಿಗೆ ಸುತ್ತ ಹಗ್ಗ ಕಟ್ಟಿ ಜಾಗ ಖಾಲಿ ಮಾಡಿಸುವ ಕೆಲಸ. ಫೋಟೋ ತೆಗೆಸಿಕೊಳ್ಳಲು ಗೋಪುರದ ಬುಡಕ್ಕೇ ಬಂದಿದ್ದ ಒಂದು ಜೋಡಿಯನ್ನು ಅವನು ಅಟ್ಟುತ್ತಿದ್ದುದು ವಾಕಿಟಾಕಿಯಲ್ಲಿ ಕೇಳುತ್ತಿತ್ತು: "ರೀ ಸ್ವಾಮಿ, ಮೇಲಿಂದ ಒಂದು ಸ್ಪ್ಯಾನರ್ ಬಿದ್ರೆ ನಿಮ್ಮ ಫೋಟೋಗೆ ಹಾರ ಹಾಕ್ಬೇಕಾಗುತ್ತೆ! ಹಗ್ಗದಿಂದ ಆಚೆ ನಡೀರಿ!"

ಯಂತ್ರದ ಕೋಣೆಯಲ್ಲಿ ಸೂಪರ್‌ವೈಸರ್ ನೆಲಬಾಗಿಲ ಪಕ್ಕ ಕುಳಿತರು. ಮುಖ್ಯ ಹಗ್ಗ ಕೈಕೊಟ್ಟರೆ ಹಿಡಿಯಲೆಂದು ತಾಲೀಮಿಗೆಂದೇ ಕಟ್ಟಿದ ಇನ್ನೊಂದು ಕಾವಲು ಹಗ್ಗ ಅವರ ಹತ್ತಿರವಿತ್ತು. ಬಂಡೆಯಣ್ಣ ಮುಂಬದಿಯಲ್ಲಿ, ಗೇರ್‌ಬಾಕ್ಸಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮಲಗಿದ. ಅಲ್ಲಿಂದ ಅವನು ಸೂಪರ್‌ವೈಸರಿಗೆ ಕಾಣುತ್ತಿರಲಿಲ್ಲ.

ಕಡ್ಡಿ ಅವನು ಮೈಗೆ ಬಿಗಿದುಕೊಂಡಿದ್ದ ಹಾರ್ನೆಸಿನ ಪಟ್ಟಿ ಹಿಡಿದು ಎಳೆದಳು. ಅವನು ಸರಿದ! ಮತ್ತೆ ಎಳೆದಳು, ಮತ್ತೆ ಸರಿದ. ಅವಳಿಗೇ ಆಶ್ಚರ್ಯ. ಏದುಸಿರು ಬಿಡುತ್ತ ಬಾಗಿಲ ತನಕ ಎಳೆದು ತಂದಳು.

"ಅರೆ ವ್ಹಾ!" ಎಂದು ಸೂಪರ್‌ವೈಸರ್ ಚಪ್ಪಾಳೆ ತಟ್ಟಿದರು. "ಕಡ್ಡಿ ಅಂದ್ಕೊಂಡಿದ್ದೆ, ಹಾರೆ ಕಣಮ್ಮ ನೀನು! ಆಯ್ತು, ಇಷ್ಟು ಸಾಕು. ಇಳಿಯೋಣ."

ಕಡ್ಡಿ ಬೆವರು ಒರೆಸಿಕೊಳ್ಳುತ್ತ ಬಂದ ದಾರಿಯನ್ನು ನೋಡಿದಳು. ಜಿಡ್ಡಿನ ನೆಲದ ಮೇಲೆ ಎರಡು ಸಾಲು ಗುರುತು. ಎಳೆದು ತಂದವನ ಹಿಮ್ಮಡಿ ಎರಡು ಉದ್ದ ಗೀರು ಬಿಡಬೇಕಿತ್ತು. ಇಲ್ಲಿದ್ದದ್ದು ತುಂಡು ತುಂಡು ಉಜ್ಜು, ಊರಿ ನೂಕಿದ ಜಾಗಗಳಲ್ಲಿ ಬೂಟಿನ ಅಚ್ಚು. ಪ್ರಜ್ಞೆ ತಪ್ಪಿದವನು ಅವಳ ಪ್ರತಿ ಎಳೆತಕ್ಕೂ ಕಾಲು ಊರಿ ಹಿಂದಕ್ಕೆ ನೂಕಿದ್ದ.

ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರಿಗೂ ಸುಖ. ಸೂಪರ್‌ವೈಸರಿಗೆ ಖುಷಿ, ಬಂಡೆಯಣ್ಣನ ಮಾನ ಉಳಿಯಿತು, ಅವಳಿಗೆ ಹೊಗಳಿಕೆ. ಲೋಕದಲ್ಲಿ ಸುರಕ್ಷತೆಯೆಂಬ ಹೆಸರಿನಲ್ಲಿ ನಡೆಯುವುದರಲ್ಲಿ ಅರ್ಧ ಇಂಥದ್ದೇ. ಒಬ್ಬರ ಮುಖ ಒಬ್ಬರು ಉಳಿಸಿಕೊಂಡು, ತಲೆಯನ್ನು ಅದೃಷ್ಟದ ಕೈಗೆ ಕೊಟ್ಟು ಮನೆಗೆ ಹೋಗುವುದು.

"ಸಾರ್, ಇದು ಲೆಕ್ಕಕ್ಕಿಲ್ಲ. ಅಣ್ಣ ಕಾಲು ಕೊಟ್ಟಿದಾನೆ."

ಬಂಡೆಯಣ್ಣ ಕಣ್ಣು ಮುಚ್ಚಿಕೊಂಡೇ "ಇಲ್ಲ" ಎಂದ.

"ಪ್ರಜ್ಞೆ ಇಲ್ಲದವರು ಮಾತಾಡ್ಬಾರ್ದು! ನಿಜವಾಗಿ ಬಿದ್ದ ದಿನ ನಿನ್ನ ಹಿಮ್ಮಡಿ ನನಗೆ ಸಹಾಯ ಮಾಡುತ್ತಾ? ಹೇಳು! ಅವತ್ತು ನಾನು ನಿನ್ನ ಪಕ್ಕ ಕೂತ್ಕೊಂಡು ನೀರು ಚಿಮುಕಿಸ್ಲಾ? ಅತ್ತಿಗೆಗೆ ಏನಂತ ಹೇಳ್ಲಿ? ತಾಲೀಮಲ್ಲಿ ಪಾಸಾಗಿದ್ವಿ ಅಂತಾನಾ?"

ಬಂಡೆಯಣ್ಣ ಎದ್ದು ಕುಳಿತ.

"ಚಿಕ್ಕಂದಿನಿಂದ ನನ್ನನ್ನ ಯಾರೂ ಎತ್ತಿಲ್ಲ ತಂಗಿ. ಶಾಲೇಲಿ ಕಾಲು ಮುರಿದಾಗ್ಲೂ ಕುಂಟ್ಕೊಂಡೇ ಮನೆಗೆ ಬಂದೆ. ನಾಲ್ಕು ಜನ ಹೊರೋಕೆ ನೋಡಿ ನಕ್ಕುಬಿಟ್ರು. ನೀನು ಎಳೆಯೋಕಾಗದೆ ನಿಂತ್ರೆ..."

"ನಾನು ನಗಲ್ಲ. ಹೋಗಿ ಮಲಗು."

ಅವನು ಸಂದಿಗೆ ವಾಪಸು ಹೋಗಿ ಮಲಗಿದ. ಈ ಸಲ ನಿಜವಾಗಿಯೂ ಬಿಟ್ಟುಕೊಟ್ಟ. ಕಡ್ಡಿ ಎಳೆದಳು. ಗೋಡೆಯನ್ನು ಎಳೆದಂತಾಯಿತು. ಕಾಲನ್ನು ಗೇರ್‌ಬಾಕ್ಸಿಗೆ ಊರಿ ನಿಂತು ಎಳೆದಳು. ಹಾರ್ನೆಸ್ಸು ಕಿರುಗುಟ್ಟಿತು, ಮನುಷ್ಯ ಕದಲಲಿಲ್ಲ. ಕಣ್ಣು ಕತ್ತಲೆ ಬಂತು. ಸೂಪರ್‌ವೈಸರ್ "ಸಾಕು ಬಿಡಮ್ಮ" ಎಂದರು. ಅವಳು ಬಿಡಲಿಲ್ಲ, ಆದರೆ ಎಳೆಯುವುದನ್ನು ನಿಲ್ಲಿಸಿದಳು. ತೋಳಿನಿಂದ ಆಗದ್ದು ಹಟದಿಂದಲೂ ಆಗುವುದಿಲ್ಲ.

ಹೋಗಿ ರಕ್ಷಣೆಯ ಪೆಟ್ಟಿಗೆಯನ್ನು ಪೂರ್ತಿ ಸುರಿದಳು. ಹಗ್ಗ, ಕೊಕ್ಕೆಗಳು, ಪಟ್ಟಿಗಳು, ಹಗ್ಗವನ್ನು ನಿಧಾನಕ್ಕೆ ಬಿಡುವ ಬ್ರೇಕಿನ ಗಾಲಿ. ಇವೆಲ್ಲ ಬಳಸಿ ಬಳಸಿ ಕಪ್ಪಾಗಿದ್ದವು. ತಳದಲ್ಲಿ ಇನ್ನೊಂದು ವಸ್ತು ಇತ್ತು, ಪ್ಲಾಸ್ಟಿಕ್ ಹೊದಿಕೆ ಸಮೇತ. ಕೈಚಕ್ರ. ಬ್ರೇಕಿನ ಗಾಲಿಗೆ ಅದನ್ನು ಜೋಡಿಸಿ ತಿರುಗಿಸಿದರೆ ಹಗ್ಗ ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ತುದಿಯಲ್ಲಿರುವ ಭಾರ ಮೇಲೇಳುತ್ತದೆ. ತರಬೇತಿಯ ಮೊದಲ ದಿನ ಯಾರೋ ತೋರಿಸಿದ್ದರು. ಆಮೇಲೆ ಯಾರಿಗೂ ಅದರ ನೆನಪೇ ಬಂದಿರಲಿಲ್ಲ. ಬಂಡೆಯಣ್ಣನಂಥ ತೋಳುಗಳಿರುವಾಗ ಚಕ್ರ ಯಾರಿಗೆ ಬೇಕು?

"ಸಾರ್, ಇದರ ಹೊದಿಕೆಯನ್ನೇ ಬಿಚ್ಚಿಲ್ಲ."

ಸೂಪರ್‌ವೈಸರ್ ಬಗ್ಗಿ ನೋಡಿದರು. ಅವರ ಮುಖ ಸಣ್ಣದಾಯಿತು. "ನನ್ನ ಕಾಲದಲ್ಲೂ ಬಿಚ್ಚಿರ್ಲಿಲ್ಲಮ್ಮ" ಎಂದರು. "ಎತ್ತೋಕೆ ಅಂತ ತೋರ್ಸಿದ್ರು. ಅಡ್ಡಡ್ಡಕ್ಕೆ ಎಳೆಯುತ್ತಾ?"

"ಹಿಂದಿನ ತೊಲೆಗೆ ಕಟ್ಟಿದ್ರೆ ಎಳೀಬೇಕು. ಲಿಫ್ಟಲ್ಲಿ ನಾವು ಮೋಟಾರು ಸರಿಸ್ತಿದ್ದದ್ದು ಹೀಗೇ."

"ಆ ಕೆಳಗಿನ ಕೊಂಡಿಗೆ ಹಾಕು. ಅದು ಗಟ್ಟಿ" ಎಂದು ಅವರೇ ತೋರಿಸಿದರು.

ಗಾಲಿಯನ್ನು ಅಲ್ಲಿಗೆ ಬಿಗಿದು, ಹಗ್ಗದ ತುದಿಯನ್ನು ಬಂಡೆಯಣ್ಣನ ಎದೆಯ ಕೊಂಡಿಗೆ ಸಿಕ್ಕಿಸಿ, ಚಕ್ರ ತಿರುಗಿಸತೊಡಗಿದಳು. ಹಗ್ಗ ಬಿಗಿಯಾಯಿತು, ತಂತಿಯಂತೆ ಮಿಡಿಯಿತು. ಆಮೇಲೆ ಅವನು ಸರಿದ. ಒಂದು ಗೇಣು. ಇನ್ನೊಂದು ಗೇಣು. ಭುಜ ಸಿಕ್ಕಿಕೊಂಡಾಗ ಹೋಗಿ ಬಿಡಿಸಿ ಬಂದು ಮತ್ತೆ ತಿರುಗಿಸಿದಳು. ನೆಲದ ಮೇಲೆ ಹಿಮ್ಮಡಿಯ ಎರಡು ಗೀರು ಕಡಿಯದೆ ಉದ್ದಕ್ಕೆ ಬಂದವು. ಬಂಡೆಯಣ್ಣನ ತೋಳು ಪಕ್ಕದಲ್ಲಿ ತೊನೆಯುತ್ತಿತ್ತು. ಅವನ ಮುಚ್ಚಿದ ಕಣ್ಣಿನ ಕೊನೆಯಲ್ಲಿ ನೀರಿತ್ತು. ಅದನ್ನು ಅವಳು ನೋಡಿಯೂ ನೋಡದವಳಂತೆ ಚಕ್ರ ತಿರುಗಿಸಿದಳು.

ಬಾಗಿಲ ಬಳಿ ಬಂದ ಮೇಲೆ ಗಾಲಿಯನ್ನು ಬಿಚ್ಚಿ ಮೇಲಿನ ತೊಲೆಗೆ ಹಾಕಿದಳು. ಮತ್ತೆ ಚಕ್ರ. ಅವನ ಬೆನ್ನು ನೆಲ ಬಿಟ್ಟಿತು, ಸೊಂಟ ಬಿಟ್ಟಿತು, ಬೂಟು ಬಿಟ್ಟಿತು. ಅಷ್ಟು ದೊಡ್ಡ ದೇಹ ಅವಳ ಮೊಣಕೈ ಜೋರಿಗೆ ಗಾಳಿಯಲ್ಲಿ ನಿಂತಿತ್ತು. ಸೂಪರ್‌ವೈಸರ್ ಅವನಿಗೆ ಸಿಕ್ಕಿಸಿದ್ದ ಕಾವಲು ಹಗ್ಗವನ್ನು ಇನ್ನೊಮ್ಮೆ ಜಗ್ಗಿ ನೋಡಿ ತಲೆಯಾಡಿಸಿದರು. ಅವಳು ಗಾಲಿಯ ಬ್ರೇಕು ಹಾಕಿ ನೆಲಬಾಗಿಲನ್ನು ತೆರೆದಳು.

ಕೆಳಗಿನಿಂದ ತಣ್ಣನೆಯ ಗಾಳಿ ನುಗ್ಗಿತು. ಬಹಳ ಕೆಳಗೆ ಹುಲ್ಲು, ಕಾವಲುಗಾರನ ಬಿಳಿ ಟೋಪಿ, ಹಗ್ಗದಾಚೆ ನಿಂತು ಮೇಲೆ ನೋಡುತ್ತಿದ್ದ ಫೋಟೋದ ಜೋಡಿ. ಬ್ರೇಕು ಬಿಡುವ ಮುಂಚೆ ಅವಳು ಮೇಲಿನಿಂದ ಕೆಳಕ್ಕೆ ಒಂದೊಂದೇ ಕೊಕ್ಕೆಯನ್ನು ಮುಟ್ಟಿ ನೋಡಿದಳು. ಆಮೇಲೆ ಬಿಟ್ಟಳು.

ಬಂಡೆಯಣ್ಣ ಇಳಿದ. ಗಾಲಿ ಗುಂಯ್‌ಗುಡುತ್ತ ಹಗ್ಗ ಬಿಟ್ಟುಕೊಟ್ಟಿತು. ಅವನು ಚಿಕ್ಕವನಾಗುತ್ತ ಹೋದ. ಬಾಗಿಲಗಲದ ಭುಜ ಅಂಗೈಯಷ್ಟಾಯಿತು, ಬೆರಳಿನಷ್ಟಾಯಿತು. ಕಡ್ಡಿ ಬಾಗಿಲ ಅಂಚಿಗೆ ಕೊಕ್ಕೆ ಹಾಕಿಕೊಂಡು ಮೊಣಕಾಲೂರಿ ನೋಡುತ್ತಲೇ ಇದ್ದಳು. ಹಗ್ಗ ಸಡಿಲವಾಯಿತು.

ವಾಕಿಟಾಕಿ ಗೊರಗೊರ ಎಂದಿತು. "ಬಂದ್ರು, ಬಂದ್ರು! ಹೂವಿನ ಹಾಗೆ ಇಳಿದ್ರು! ಆದ್ರೆ ಏಳಲ್ಲ ಅಂತಿದಾರೆ."

"ಯಾಕೆ? ಏನಾಯ್ತು?" ಅವಳು ವಾಕಿಟಾಕಿ ಕಸಿದುಕೊಂಡಳು.

"ಪ್ರಜ್ಞೆ ಇಲ್ವಂತೆ. ತಂಗಿ ಹೇಳೋವರೆಗೂ ಬರಲ್ವಂತೆ."

ಕಡ್ಡಿ ನಕ್ಕಳು, ನಗುತ್ತಲೇ ಅತ್ತಳು, ಜಿಡ್ಡಿನ ಕೈಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡಳು. "ಎದ್ದೇಳು ಅಣ್ಣ" ಎಂದಳು. ಕೆಳಗೆ ಬೆರಳಿನಷ್ಟಿದ್ದ ಮನುಷ್ಯ ಎದ್ದು ನಿಂತು ಎರಡೂ ಕೈ ಬೀಸಿದ. ಫೋಟೋದ ಜೋಡಿಯೂ ಯಾಕೆಂದು ತಿಳಿಯದೆ ಕೈ ಬೀಸಿತು.

ಸೂಪರ್‌ವೈಸರ್ ಕೈಚಕ್ರದ ಪ್ಲಾಸ್ಟಿಕ್ ಹೊದಿಕೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ನಾಳೆಯಿಂದ ಎಲ್ಲ ಜೋಡಿಗೂ ಹೀಗೇ" ಎಂದರು. "ಭಾರದವರೇ ಮೊದಲು ಮಲಗ್ಲಿ." ಆಮೇಲೆ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ತಾವು ಏದುಸಿರು ಬಿಡುತ್ತ ಹತ್ತಿ ಬಂದ ಏಣಿಯ ಕಡೆ ನೋಡಿದರು. ದನಿ ತಗ್ಗಿಸಿ ಕೇಳಿದರು:

"ಇವತ್ತು ನನಗೇ ಇಲ್ಲಿ ಏನಾದ್ರೂ ಆಗಿದ್ರೆ... ನನ್ನನ್ನೂ ಇಳಿಸ್ತಿದ್ಯಾ?"

ಕಡ್ಡಿ ಆಗಲೇ ಹಗ್ಗವನ್ನು ಮೇಲಕ್ಕೆ ಸುತ್ತುತ್ತಿದ್ದಳು.

"ಮಲಗಿ ಸಾರ್" ಎಂದಳು. "ನೋಡೇಬಿಡೋಣ."